ಬೀಪ್ ಸದ್ದು ನಂಬಬೇಡಿ

ಉಗಾರ ಖುರ್ದದಿಂದ ಬರೆದವರೇ, ಮಲ್ಟಿಮೀಟರ್ ‘ಬೀಪ್’ ಅಂದಿತು, ಹಾಗಾದರೆ ವೈರಿಂಗಿನ ಕಬ್ಬಿಣದ ಪೈಪಿನ ಅರ್ಥಿಂಗ್ ಸರಿ ಇದೆಯೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹೇಳಲಾಗದು. ಮೀಟರ್ ಹರಿಸುವುದು ಬರೀ ಕೆಲವು ಮಿಲಿಆಂಪಿಯರ್. ತುಕ್ಕು ಹಿಡಿದ ಕಪ್ಲಿಂಗಿನಲ್ಲಿ ಕೂದಲೆಳೆಯಷ್ಟು ಲೋಹ ತಾಗಿದ್ದರೂ ಅದಕ್ಕೆ ಸಾಕು. 2019ರ ಕೃಷ್ಣೆಯ ಮಹಾಪೂರದ ನೀರು ನಿಮ್ಮ ಗೋಡೆಗೂ ಏರಿದ್ದರೆ ನನ್ನ ಅನುಮಾನ ಮೊದಲು ಆ ಜೋಡಣೆಗಳ ಮೇಲೆಯೇ.

ಒಂದು ಲೆಕ್ಕ ನೋಡಿ. ಫೇಸ್ ತಂತಿ ಸ್ವಿಚ್ಚಿನ ಡಬ್ಬಿಗೆ ತಾಗಿತು ಎನ್ನಿ. ಜೋಡಣೆಯಲ್ಲಿ 20 ಓಮ್ ರೋಧವಿದ್ದರೆ 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. ಡಬ್ಬಿ ಮಾತ್ರ ಕರೆಂಟು ಹಿಡಿದು ಕೂತಿರುತ್ತದೆ.

ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮೇನ್ ಆಫ್ ಮಾಡಿಸಿ. ಹಸಿರು ಅರ್ಥ್ ತಂತಿ ಇದ್ದರೆ ತಾತ್ಕಾಲಿಕವಾಗಿ ಬಿಚ್ಚಿಸಿ. ಬಿಚ್ಚದಿದ್ದರೆ ಅಳೆಯುವುದು ಪೈಪನ್ನಲ್ಲ, ತಂತಿಯನ್ನು! ಡಬ್ಬಿಯ ಬಣ್ಣ ಕೆರೆದು, ಹೆಚ್ಚು ಕರೆಂಟು ಹರಿಸುವ ಪರೀಕ್ಷಕದಿಂದ ಅಳೆಯಲಿ. ಅಳೆಯುವಾಗ ಪೈಪನ್ನು ಅಲುಗಾಡಿಸಲಿ. ಅಂಕಿ ಕುಣಿದರೆ ಜೋಡಣೆ ಸಡಿಲ. ಮೀಟರಿನ ತಂತಿಗಳ ರೋಧ ಕಳೆದ ಮೇಲೂ 1 ಓಮ್ ದಾಟಿದರೆ ಆ ಪೈಪನ್ನು ನೆಚ್ಚಬೇಡಿ.

ನಾನಾದರೆ ಪೈಪಿನೊಳಗೇ ತಾಮ್ರದ ಅರ್ಥ್ ತಂತಿ ಎಳೆಸುತ್ತೇನೆ, ಜೊತೆಗೆ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುತ್ತೇನೆ. ಬಿಚ್ಚಿದ ಹಸಿರು ತಂತಿಯನ್ನು ಮರಳಿ ಬಿಗಿದ ಮೇಲಷ್ಟೇ ಮೇನ್ ಆನ್ ಮಾಡಿಸಿ.