ಮಾಗಿ ಚಳಿಗೆ ಅಂಗಾಲಿನ ಜೋಪಾನ

ರಾತ್ರಿ ಕಂಬಳಿ ಹೊದ್ದು ಕಾಲು ಚಾಚಿದಾಗ ಅದರ ಎಳೆ ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದಲ್ಲ, ಕಾಲಿನ ಆರೈಕೆ ಆ ರಾತ್ರಿಯಿಂದಲೇ ಶುರುವಾಗಬೇಕು. ಬಿರುಕಿನಲ್ಲಿ ರಕ್ತ ಕಾಣುವವರೆಗೆ ಕಾಯಬಾರದು.

ಹಾಸನ ಮೂರು ಸಾವಿರ ಅಡಿಗೂ ಹೆಚ್ಚು ಎತ್ತರದ ಊರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೂ ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಬ್ಬನಿ ತೊಟ್ಟಿಕ್ಕುತ್ತದೆ. ಹಾಗೆಂದು ಸಿಯಾಚಿನ್‌ನಲ್ಲಿ ಕಾವಲಿರುವ ಸೈನಿಕರಿಗೆ ಆಗುವಂತೆ ಇಲ್ಲಿ ಕಾಲ್ಬೆರಳು ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ನಮ್ಮಲ್ಲಿ ಕಾಲು ಕೆಡುವುದು ಒಣಗಾಳಿಯಿಂದ, ಗಂಟೆಗಟ್ಟಲೆ ನೆನೆಯುವುದರಿಂದ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಚಳಿ ಕಳೆಯಲೆಂದು ನಾವೇ ಕೊಡುವ ಬಿಸಿಯಿಂದ.

ಮೈಯ ಉಳಿದ ಭಾಗದ ಚರ್ಮಕ್ಕೆ ಒಳಗಿನಿಂದಲೇ ಎಣ್ಣೆ ಒಸರುವ ಗ್ರಂಥಿಗಳಿವೆ. ಅಂಗಾಲು, ಅಂಗೈಗೆ ಅವಿಲ್ಲ, ಅಲ್ಲಿರುವುದು ಬೆವರಿನ ಗ್ರಂಥಿ ಮಾತ್ರ. ಒಣಹವೆಗೆ ಹಿಮ್ಮಡಿಯ ತೇವ ಆರಿ ಚರ್ಮ ಬಿರುಸಾಗುತ್ತದೆ. ಮೈಭಾರ ಬಿದ್ದಾಗ ಹಿಮ್ಮಡಿ ಅಗಲವಾಗುತ್ತದೆ, ಬಿರುಸಾದ ಅಂಚು ಹಿಗ್ಗಲಾರದೆ ಸೀಳುತ್ತದೆ. ಹಿಂಬದಿ ತೆರೆದ ಹವಾಯಿ ಚಪ್ಪಲಿ ಮೆಟ್ಟುವವರಲ್ಲಿ ಮತ್ತು ದಿನವೆಲ್ಲ ನಿಂತೇ ಇರುವವರಲ್ಲಿ ಇದು ಜಾಸ್ತಿ.

ಮಲಗುವ ಮುನ್ನ ಇಪ್ಪತ್ತು ನಿಮಿಷ

ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕಾಲು ಇಳಿಬಿಡಿ. ಹಂಡೆಯ ಸುಡುನೀರು ಬೇಡ, ಅದು ಚರ್ಮದಲ್ಲಿ ಉಳಿದಿರುವ ಜಿಡ್ಡನ್ನೂ ತೊಳೆದು ಬಿಡುತ್ತದೆ. ಆಮೇಲೆ ಕಾಲುಜ್ಜುವ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ದಪ್ಪ ಚರ್ಮ ಒಂದೇ ದಿನಕ್ಕೆ ಹೋಗುವುದಿಲ್ಲ, ಅವಸರಪಟ್ಟು ಬ್ಲೇಡಿನಿಂದ ಹೆರೆಯಬೇಡಿ. ರಕ್ತ ಬರುವ ಬಿರುಕಿದ್ದರೆ ಅದು ಆರುವ ತನಕ ಕಲ್ಲು ಮುಟ್ಟಿಸಲೇಬೇಡಿ.

ಟವೆಲ್ಲಿನಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಬೇಕು. ಗುಟ್ಟೆಲ್ಲ ಇಲ್ಲೇ ಇರುವುದು. ಒಣಗಿದ ಹಿಮ್ಮಡಿಗೆ ಎಷ್ಟು ಎಣ್ಣೆ ತಿಕ್ಕಿದರೂ ಅದು ಮೇಲೆಯೇ ನಿಲ್ಲುತ್ತದೆ, ಪಸೆಯಿದ್ದಾಗ ಹಚ್ಚಿದರೆ ಆ ನೀರನ್ನು ಒಳಗೇ ಹಿಡಿದಿಡುತ್ತದೆ. ಚನ್ನರಾಯಪಟ್ಟಣದಂಥ ತೆಂಗಿನ ಸೀಮೆಯಲ್ಲಿ ಗಾಣದ ಎಣ್ಣೆಗೆ ಬರವಿಲ್ಲ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಆ ಜಾಗ ಒಣಗಿರಬೇಕು. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿ.

ಚರ್ಮ ತೀರಾ ದಪ್ಪಗಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಯೂರಿಯಾ ಇರುವ ಕಾಲಿನ ಮುಲಾಮು ಕೇಳಿ. ಅದು ಚರ್ಮವನ್ನು ಮೆದುವಾಗಿಸುತ್ತದೆ. ಹೆಸರು ಒಂದೇ ಎಂದು ಗೊಬ್ಬರದ ಚೀಲದ ಯೂರಿಯಾ ಕದಡಿ ಹಚ್ಚಿಕೊಳ್ಳಬೇಡಿ.

ಹಳ್ಳಿಗಳಲ್ಲಿ ಬಿರುಕಿಗೆ ಕೇರುಬೀಜದ ಸೊನೆ ತುಂಬುವ ರೂಢಿಯಿದೆ. ಅದು ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುವ ವಿಷ. ಕುದಿಯುವ ಮೇಣ ಬಿಡುವುದೂ ಅಷ್ಟೇ ಅಪಾಯ. ಅಜ್ಜಿಯ ಕಾಲದ ಎಲ್ಲ ಮದ್ದನ್ನೂ ತಳ್ಳಿಹಾಕುತ್ತಿಲ್ಲ, ಇವೆರಡನ್ನು ಮಾತ್ರ ದಯವಿಟ್ಟು ಬಿಡಿ.

ಬರಿಗಾಲಿನ ವ್ರತ

ಅಯ್ಯಪ್ಪ ಮಾಲೆ ಹಾಕಿದವರು ಬರಿಗಾಲಲ್ಲಿರುವುದು ವರ್ಷದ ಅತಿ ಚಳಿಯ ದಿನಗಳಲ್ಲೇ. ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಗುಡಿಗೆ ಹೋಗುವವರದ್ದೂ, ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಪ್ಪಲಿ ಬಿಟ್ಟು ಆರುನೂರಕ್ಕೂ ಹೆಚ್ಚು ಕಲ್ಲುಮೆಟ್ಟಿಲು ಹತ್ತುವವರದ್ದೂ ಅದೇ ಪಾಡು. ಇಂಥವರು ಎಣ್ಣೆಯ ಆರೈಕೆಯನ್ನು ರಾತ್ರಿಗೇ ಮುಗಿಸಿಕೊಳ್ಳಬೇಕು. ಎಣ್ಣೆಗಾಲಲ್ಲಿ ಬೆಟ್ಟ ಹತ್ತಿದರೆ ನುಣುಪು ಬಂಡೆಯ ಮೇಲೆ ಜಾರುತ್ತೀರಿ. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಬೆಳಕಿನಲ್ಲಿ ಅಂಗಾಲು ತಿರುಗಿಸಿ ಮುಳ್ಳು, ಗಾಜು ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಮಾಲೆ ಧರಿಸುವ ಮೊದಲೇ ವೈದ್ಯರಿಗೆ ಕಾಲು ತೋರಿಸಿ, ಅವರು ಹೇಳಿದ್ದನ್ನು ಗುರುಸ್ವಾಮಿಗಳಿಗೂ ತಿಳಿಸಿ.

ರಾತ್ರಿ ನೀರು ಕಟ್ಟುವವರಿಗೆ

ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಆ ಹೊತ್ತಿಗೇ ಗದ್ದೆಗೆ ಇಳಿಯಬೇಕು. ತಣ್ಣೀರಿನಲ್ಲಿ ಗಂಟೆಗಟ್ಟಲೆ ನಿಂತ ಕಾಲು ಬಿಳಚಿಕೊಂಡು, ಸುಕ್ಕಾಗಿ, ಮರಗಟ್ಟುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ಕೆಟ್ಟಿದ್ದು ಹೀಗೆಯೇ. ನೀರು ಹೆಪ್ಪುಗಟ್ಟಬೇಕಿಲ್ಲ, ತಣ್ಣಗಿದ್ದು ಬಹಳ ಹೊತ್ತು ತಾಕಿದರೆ ಸಾಕು. ಗಮ್‌ಬೂಟು ಹಾಕಿ, ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ನಡುನಡುವೆ ಬದುವಿನ ಮೇಲೆ ಕೂತು ಬೆರಳ ಸಂದಿ ಒರೆಸಿ. ಕೆಸರುಹುಣ್ಣು ಹುಟ್ಟುವುದು ಅಲ್ಲೇ. ಒಡೆದ ಹಿಮ್ಮಡಿಯಲ್ಲಿ ಕೊಟ್ಟಿಗೆಯ ಸಗಣಿ ತುಳಿಯುವವರು ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂದು ನೆನಪು ಮಾಡಿಕೊಳ್ಳಿ.

ಬೆಂಕಿಯ ಮುಂದೆ

ನಮ್ಮ ದೊಡ್ಡಪ್ಪ ಒಂದು ಬೆಳಿಗ್ಗೆ ರಾಗಿ ಕಣದ ಬೆಂಕಿಗೆ ಕಾಲು ಚಾಚಿ ಕೂತಿದ್ದವರು ಎದ್ದು ಮನೆಗೆ ಬಂದರು. ಜಗುಲಿಯ ಗಾರೆಯ ಮೇಲೆ ಒದ್ದೆ ಹೆಜ್ಜೆ ಮೂಡಿದ್ದನ್ನು ದೊಡ್ಡಮ್ಮ ನೋಡಿ, ನೀರು ತುಳಿದಿರಾ ಎಂದರು. ಕಾಲೆತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅವರಿಗೆ ಉರಿಯೇ ಗೊತ್ತಾಗಿರಲಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆ ಅಂಗಾಲಿನ ನರಗಳನ್ನು ಮಂಕಾಗಿಸಿತ್ತು. ಆ ಹುಣ್ಣು ಮಾಯಲು ಯುಗಾದಿ ಕಳೆಯಿತು.

ಅದಕ್ಕೇ ಸಕ್ಕರೆ ಕಾಯಿಲೆಯವರಿಗೆ ಮೇಲೆ ಹೇಳಿದ ಬಕೆಟ್ಟೂ ಬೇಡ, ಕಲ್ಲೂ ಬೇಡ. ಬೆಂಕಿ, ಬಿಸಿನೀರಿನ ಚೀಲ ಎರಡರಿಂದಲೂ ಕಾಲು ದೂರವಿರಲಿ. ಕಾಲು ಬೆಚ್ಚಗಾಗಲು ಕಾಲುಚೀಲ, ಕಂಬಳಿ ಸಾಕು. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಪಾದದಿಂದ ಬೇಡ. ರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಗೆ ತೋರಿಸಿ.

ಚಳಿಯಲ್ಲಿ ಕಾಲ್ಬೆರಳು ಕೆಂಪಾಗಿ ಊದಿ ನವೆಯಾದರೂ ಬೆಂಕಿಗೆ ಹಿಡಿಯದೆ ನಿಧಾನವಾಗಿ ಬೆಚ್ಚಗಾಗಲು ಬಿಡಿ. ಬೀಡಿ, ಸಿಗರೇಟು ಸೇದುವವರ ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಸ್ವಲ್ಪ ನಡೆದೊಡನೆ ಮೀನಖಂಡ ಹಿಡಿದುಕೊಂಡರೆ ಅದು ಬರೀ ಚಳಿಯಲ್ಲ, ರಕ್ತನಾಳ ಕಟ್ಟುತ್ತಿರುವ ಸೂಚನೆ.

ಅಂಥವರೂ, ಬಿರುಕಿನಲ್ಲಿ ಕೀವು, ಕಾಲಿಗೆ ಬಾವು, ಜ್ವರ, ಕಪ್ಪಾದ ಚರ್ಮ ಕಂಡವರೂ ತಡಮಾಡದೆ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಬೇಕು. ಹೋಗುವಾಗ ಅರಿಶಿನ, ಎಣ್ಣೆ ಮೆತ್ತಿಕೊಳ್ಳದೆ ತೊಳೆದು ಒರೆಸಿದ ಕಾಲಲ್ಲಿ ಹೋಗಿ. ಹೊಸ ಚಪ್ಪಲಿ ಬೇಡ, ದಿನಾ ಮೆಟ್ಟುವುದನ್ನೇ ಮೆಟ್ಟಿಕೊಳ್ಳಿ. ಅದು ಎಲ್ಲಿ ಸವೆದಿದೆ ಎಂಬುದನ್ನು ನೋಡಿದರೆ ನಿಮ್ಮ ಭಾರ ಪಾದದ ಯಾವ ಜಾಗಕ್ಕೆ ಬೀಳುತ್ತಿದೆ ಎಂಬುದು ವೈದ್ಯರಿಗೆ ತಿಳಿಯುತ್ತದೆ.