ಬಾಗಿಲು ತೆರೆದ ಮೇಲೆ

ರೇ ಬ್ರಾಡ್‌ಬರಿಯ ‘ಆಲ್ ಸಮ್ಮರ್ ಇನ್ ಎ ಡೇ’ ಕತೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಓದದವರಿಗಾಗಿ ಎರಡು ಮಾತು: 1954ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಕೆಲವೇ ಪುಟಗಳ ಕತೆ ಇದು. ಶುಕ್ರಗ್ರಹದಲ್ಲಿ ಎಡೆಬಿಡದ ಮಳೆ. ಏಳು ವರ್ಷಕ್ಕೊಮ್ಮೆ ಮಾತ್ರ ಗಂಟೆ, ಎರಡು ಗಂಟೆ ಬಿಸಿಲು. ಆ ಬಿಸಿಲು ಮೂಡುವ ದಿನವೇ ಒಂಬತ್ತು ವರ್ಷದ ಮಕ್ಕಳು ಸಹಪಾಠಿ ಮಾರ್ಗೊಳನ್ನು ಕಪಾಟಿನಲ್ಲಿ ಕೂಡಿಹಾಕುತ್ತಾರೆ. ಆಮೇಲೆ ಮರೆತು ಆಡಲು ಓಡುತ್ತಾರೆ.

ಪ್ರಶ್ನೆ: ಒಂಬತ್ತನೇ ತರಗತಿಗೆ ಈ ಕತೆ ಹೇಳಿದೆ. “ಮಾರ್ಗೊ ಏನು ತಪ್ಪು ಮಾಡಿದ್ದಳು ಮಿಸ್?” ಎಂದು ಕೇಳಿದರು. ಏನು ಹೇಳಲಿ?
— ಶಿಕ್ಷಕಿ, ಶಿರಸಿ

ಉತ್ತರ: ತಪ್ಪೇನೂ ಮಾಡಿರಲಿಲ್ಲ, ಉಳಿದವರು ಕಾಣದ್ದನ್ನು ಕಂಡಿದ್ದಳು, ಅಷ್ಟೆ. ಹಿಂದಿನ ಬಿಸಿಲು ಬಂದಾಗ ಆ ಮಕ್ಕಳಿಗೆ ಎರಡು ವರ್ಷ, ನೆನಪಿಲ್ಲ. ಮಾರ್ಗೊ ನಾಲ್ಕು ವರ್ಷದವರೆಗೆ ಒಹಾಯೊದ ಬಿಸಿಲಿನಲ್ಲಿ ಬೆಳೆದವಳು. ಸೂರ್ಯ ನಾಣ್ಯದ ಹಾಗಿರುತ್ತಾನೆ, ಒಲೆಯ ಬೆಂಕಿಯ ಹಾಗಿರುತ್ತಾನೆ ಎಂದರೆ ಸುಳ್ಳಿ ಅನ್ನಿಸಿಕೊಳ್ಳುತ್ತಾಳೆ.

ಅವಳನ್ನು ಹೊರಗಿಡುವ ಕೆಲಸ ಕಪಾಟಿಗಿಂತ ಬಹಳ ಮೊದಲೇ ಶುರುವಾಗಿದೆ ಎಂಬುದನ್ನು ಮಕ್ಕಳಿಗೆ ತೋರಿಸಿ. ಮುಟ್ಟಾಟದಲ್ಲಿ ಮುಟ್ಟಿ ಓಡಿದರೆ ಅವಳು ಅಟ್ಟಿಸಿಕೊಂಡು ಹೋಗುವುದಿಲ್ಲ, ಸುಮ್ಮನೆ ನಿಂತು ನೋಡುತ್ತಾಳೆ. ಬಿಸಿಲಿನ ಹಾಡು ಬಂದಾಗ ಮಾತ್ರ ತುಟಿ ಅಲುಗುತ್ತದೆ. ಶಾಲೆಯ ಸ್ನಾನದ ಮನೆಯಲ್ಲಿ ತಲೆಗೆ ನೀರು ತಾಗಬಾರದೆಂದು ಕಿವಿ ಮುಚ್ಚಿಕೊಂಡು ಕಿರುಚಿದ್ದಾಳೆ. ಇದರ ಮೇಲೆ ಇನ್ನೊಂದು ಸುದ್ದಿ: ಸಾವಿರಾರು ಡಾಲರ್ ಖರ್ಚಾದರೂ ತಂದೆತಾಯಿ ಅವಳನ್ನು ಬರುವ ವರ್ಷ ಭೂಮಿಗೆ ಕರೆದೊಯ್ಯಬಹುದು. ಮಂಕಾಗಿದ್ದವಳ ಮೇಲಿನ ಬೇಸರಕ್ಕೆ ಹೊಟ್ಟೆಕಿಚ್ಚೂ ಸೇರಿತು. ನಿಮ್ಮ ಮಕ್ಕಳ ಮಾತಲ್ಲೇ ಹೇಳುವುದಾದರೆ, ಇಡೀ ತರಗತಿ ಒಬ್ಬಳ ಜೊತೆ ‘ಟೂ’ ಬಿಟ್ಟಿತ್ತು. ಕಪಾಟಿನ ಬಾಗಿಲು ಕೊನೆಯ ಹೆಜ್ಜೆ ಮಾತ್ರ.

ಪ್ರಶ್ನೆ: ಶುಕ್ರದಲ್ಲಿ ಮಳೆಯೂ ಇಲ್ಲ, ಕಾಡೂ ಇಲ್ಲ. ವಿಜ್ಞಾನವೇ ತಪ್ಪಿದ ಕತೆಯನ್ನು ವಿಜ್ಞಾನ ಕತೆ ಎನ್ನಬಹುದೇ?
— ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಬ್ರಾಡ್‌ಬರಿ ಬರೆದಾಗ ಆ ಮೋಡಗಳ ಕೆಳಗೆ ಏನಿದೆಯೆಂದು ಯಾರೂ ಕಂಡಿರಲಿಲ್ಲ. 1962ರಲ್ಲಿ ಮ್ಯಾರಿನರ್-2 ಗಗನನೌಕೆ ಅಲ್ಲಿನ ಕಡುಶಾಖದ ಸುಳಿವು ಕೊಟ್ಟಿತು; 1970ರಲ್ಲಿ ವೆನೆರಾ-7 ನೆಲಕ್ಕಿಳಿಯಿತು. ಅಲ್ಲಿನ ನೆಲದ ಬಿಸಿ ಸುಮಾರು 465 ಡಿಗ್ರಿ ಸೆಲ್ಸಿಯಸ್. ಮೋಡಗಳಿಂದ ಬೀಳುವ ಗಂಧಕಾಮ್ಲದ ಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ.

ಆದರೂ ಆ ಮಳೆ ಕತೆಯಲ್ಲಿ ಒಂದು ಕೆಲಸ ಮಾಡುತ್ತದೆ. ಇದೇ ಘಟನೆ ನಮ್ಮೂರಿನ ಶಾಲೆಯಲ್ಲಿ ನಡೆದಿದ್ದರೆ ಒಂದು ಮಧ್ಯಾಹ್ನದ ಕೀಟಲೆ. ಸಂಜೆ ಬೈಗುಳ, ಮರುದಿನ ರಾಜಿ. ಮರುದಿನ ಹೇಗೂ ಬಿಸಿಲು ಬರುತ್ತದೆ. ಶುಕ್ರದಲ್ಲಿ ಮುಂದಿನ ಬಿಸಿಲು ಬರುವಾಗ ಮಾರ್ಗೊಗೆ ಹದಿನಾರು. ಹುಡುಗಾಟ ಅದೇ, ಅದರ ಬೆಲೆ ಏಳು ವರ್ಷ. ತಪ್ಪನ್ನು ಸರಿಪಡಿಸಲು ಬಾರದಂತೆ ಮಾಡಿಡುವುದಕ್ಕೇ ಬ್ರಾಡ್‌ಬರಿಗೆ ಇನ್ನೊಂದು ಗ್ರಹ ಬೇಕಾಯಿತು.

ಪ್ರಶ್ನೆ: ಕತೆ ಅರ್ಧಕ್ಕೆ ನಿಂತಂತಿದೆ. ಹೊರಬಂದ ಮಾರ್ಗೊ ಅತ್ತಳೋ, ಬೈದಳೋ? ಮಕ್ಕಳ ಪಶ್ಚಾತ್ತಾಪ ನಿಜವೋ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ನಿಜ ಎಂದೇ ನನ್ನ ಓದು. ಅದು ಹುಟ್ಟಿದ ಗಳಿಗೆ ನೋಡಿ. ಕೂಡಿಹಾಕುವಾಗ ಮಕ್ಕಳಿಗೆ ತಾವು ಕಸಿಯುತ್ತಿರುವುದು ಏನೆಂದೇ ಗೊತ್ತಿರಲಿಲ್ಲ. ಬಿಸಿಲೆಂಬುದು ಪುಸ್ತಕದಲ್ಲಿ ಓದಿದ ಮಾತು. ಆಮೇಲೆ ಕೆನ್ನೆಗೆ ಬಿಸಿಲು ತಾಗಿತು, ಕಣ್ಣೀರು ಬರುವಷ್ಟು ಹೊತ್ತು ಸೂರ್ಯನನ್ನು ನೋಡಿದರು. ಒಬ್ಬಳು ಹುಡುಗಿಯ ಅಂಗೈ ಮೇಲೆ ಮೊದಲ ಹನಿ ಬಿತ್ತು. ಮಳೆ ಮತ್ತೆ ಮುಚ್ಚಿಕೊಂಡ ಮೇಲೆ ಯಾರಿಗೋ ಮಾರ್ಗೊ ನೆನಪಾದಳು. ಆಗ ಒಬ್ಬರ ಮುಖ ಒಬ್ಬರು ನೋಡಲಾರರು. ತಾವು ಉಂಡ ಮೇಲೆಯೇ ಅವಳ ಹಸಿವು ತಿಳಿದದ್ದು. ಇಷ್ಟು ಸುಖಪಡದೆ ಇದ್ದಿದ್ದರೆ ಇಷ್ಟು ನಾಚಿಕೆಯೂ ಆಗುತ್ತಿರಲಿಲ್ಲ.

ಅಳುವ ಮಾರ್ಗೊ ಕಂಡಿದ್ದರೆ ನಾವು ಮರುಕಪಟ್ಟು ಪುಸ್ತಕ ಮುಚ್ಚುತ್ತಿದ್ದೆವು. ಕ್ಷಮಿಸುವ ಮಾರ್ಗೊ ಕಂಡಿದ್ದರೆ ಮಕ್ಕಳ ಜೊತೆ ನಮಗೂ ಬಿಡುಗಡೆ. ಬ್ರಾಡ್‌ಬರಿ ಎರಡನ್ನೂ ಕೊಡದೆ, ಬಾಗಿಲು ತೆರೆಯುವಲ್ಲಿಗೆ ನಿಲ್ಲಿಸುತ್ತಾರೆ.

ಜೊತೆಗೆ ಅರ್ಸುಲಾ ಲೆ ಗ್ವಿನ್ ಅವರ 1973ರ ಒಮೆಲಾಸ್ ನಗರದ ಕತೆ ಓದಿ. ಅಲ್ಲಿಯೂ ಒಂದು ಮಗು ಕತ್ತಲಕೋಣೆಯಲ್ಲಿದೆ. ಊರಿನ ಸುಖವೆಲ್ಲ ಅದರ ಸಂಕಟದ ಮೇಲೆ ನಿಂತಿದೆ ಎಂದು ಊರಿಗೇ ಗೊತ್ತು. ಬಹುಮಂದಿ ಗೊತ್ತಿದ್ದೂ ಬಾಳುತ್ತಾರೆ, ಕೆಲವರು ಊರು ಬಿಟ್ಟು ನಡೆಯುತ್ತಾರೆ, ಬಾಗಿಲು ತೆರೆಯುವವರು ಯಾರೂ ಇಲ್ಲ. ಮಾರ್ಗೊಳ ಸಹಪಾಠಿಗಳು ತಡವಾಗಿಯಾದರೂ ತೆರೆದರು.

ಪ್ರಶ್ನೆ: 1982ರ ಅಮೆರಿಕನ್ ಟೀವಿ ರೂಪದಲ್ಲಿ ಮಕ್ಕಳು ಮಾರ್ಗೊಗೆ ಹೂ ಕೊಡುತ್ತಾರಂತೆ. ಹತ್ತು ವರ್ಷದ ಮಗನಿಗೆ ಯಾವುದು ಒಳ್ಳೆಯದು?
— ತಾಯಿ, ಬೆಂಗಳೂರು

ಉತ್ತರ: ಮೊದಲು ಕತೆ ಓದಿಸಿ. ಮುಗಿದ ಮೇಲೆ, “ನೀನಾಗಿದ್ದರೆ ಬಾಗಿಲು ತೆರೆದು ಏನು ಮಾಡುತ್ತಿದ್ದೆ?” ಎಂದು ಕೇಳಿ, ಅವನ ಉತ್ತರಕ್ಕೆ ಕಾಯಿರಿ. ಟೀವಿ ಆಮೇಲೆ. ಹೂ ಕೊಡುವುದು ಒಳ್ಳೆಯದೇ, ಆದರೆ ಅದು ಕೊಟ್ಟವರ ಮನಸ್ಸನ್ನೇ ಹೆಚ್ಚು ಹಗುರ ಮಾಡುತ್ತದೆ. ಹೂವು ಬಿಸಿಲಿಗೆ ಸಮವೇ ಎಂಬುದನ್ನೂ ಅವನೇ ಹೇಳಲಿ.

ಪ್ರಶ್ನೆ: ಎಲ್ಲರೂ ಮಕ್ಕಳನ್ನೇ ದೂರುತ್ತಾರೆ. ಆ ಟೀಚರ್ ತಪ್ಪೇನೂ ಇಲ್ಲವೇ?
— ಓದುಗ, ಶಿವಮೊಗ್ಗ

ಉತ್ತರ: ಇದೆ, ಮತ್ತು ಅದು ನಮ್ಮಂಥ ದೊಡ್ಡವರ ಪಾಲಿನದು. ಮಾರ್ಗೊ ತನ್ನ ಕವಿತೆ ಓದಿದಾಗ, ಅದು ಅವಳದ್ದಲ್ಲ ಎಂದು ಸಹಪಾಠಿ ವಿಲಿಯಂ ತಕರಾರು ತೆಗೆದದ್ದನ್ನು ಟೀಚರ್ ಕೇಳಿದ್ದರು, ಗದರಿಸಿ ಸುಮ್ಮನಾದರು. ಅವರು ಹೊರಗೆ ಹೋದಾಗಲೇ ಮಕ್ಕಳು ಅವಳನ್ನು ಕೂಡಿಹಾಕಿದ್ದು. ಹಿಂತಿರುಗಿ ಬಂದು, ಎಲ್ಲರೂ ಇದ್ದೀರಾ ಎಂದು ಕೇಳುತ್ತಾರೆ. ಹೌದೆಂದು ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಆ ‘ಎಲ್ಲರೂ’ ಎಂಬ ಮಾತಿನಲ್ಲಿ ಮಾರ್ಗೊ ಇಲ್ಲ. ಟೀಚರ್ ತಲೆ ಎಣಿಸಲಿಲ್ಲ.

ಶಿರಸಿಯ ಶಿಕ್ಷಕಿಗೂ ಇದನ್ನೇ ಹೇಳುತ್ತೇನೆ: ಮಕ್ಕಳನ್ನು ಹೊರಗೆ ಕರೆದೊಯ್ಯುವ ಮೊದಲು ಹೆಸರು ಹಿಡಿದು ಹಾಜರಿ ಕೂಗಿ. ‘ಎಲ್ಲರೂ ಇದ್ದೇವೆ’ ಎಂಬ ಒಕ್ಕೊರಲನ್ನು ನಂಬಬೇಡಿ.