ಆಮೆಯ ತೊಟ್ಟಿಗೆ ಯಾವ ದೀಪ?

ಕೆರಾಡಿಯು ಕುಂದಾಪುರ ಸೀಮೆಯಲ್ಲಿ ಘಟ್ಟದ ಬುಡದಲ್ಲಿರುವ ಊರು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಬಿಸಿಲು ಅಪರೂಪ. ಅಂಥ ಊರಿನ ಮನೆಯೊಂದರಲ್ಲಿ, ಪೇಟೆಯ ಅಂಗಡಿಯಿಂದ ತಂದ ಪುಟ್ಟ ಆಮೆಯೊಂದು ಗಾಜಿನ ತೊಟ್ಟಿಯಲ್ಲಿದೆಯೆಂದು ಭಾವಿಸೋಣ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಜಾತಿಯ ತೌರು ಉತ್ತರ ಅಮೆರಿಕ. ತೊಟ್ಟಿಯ ಮೇಲೆ ಎಲ್‌ಇಡಿ ದೀಪವಿದೆ. ಮುಚ್ಚಿದ ಕಿಟಕಿಯ ಗಾಜಿನ ಮೂಲಕವೂ ಬೆಳಕು ಬರುತ್ತಿದೆ. ಆದರೂ ಕೆಲವು ತಿಂಗಳಲ್ಲಿ ಆಮೆಯ ಚಿಪ್ಪು ಮೆತ್ತಗಾಗಿ, ಕಾಲುಗಳು ಸೊಟ್ಟಗಾಗಬಹುದು. ಇದಕ್ಕೆ ಕಾರಣವೇನು?

ಬೆಳಕು, ಶಾಖ, ನೇರಳಾತೀತ ಕಿರಣ – ಈ ಮೂರನ್ನೂ ಸೂರ್ಯನು ಒಟ್ಟಿಗೇ ಕೊಡುತ್ತಾನೆ. ಆದುದರಿಂದ ನಾವು ಇವನ್ನು ಒಂದೇ ಎಂದೆಣಿಸುತ್ತೇವೆ. ದೀಪಗಳ ವಿಷಯದಲ್ಲಿ ಇವು ಬೇರೆ ಬೇರೆ. ಸರೀಸೃಪದ ಚರ್ಮದಲ್ಲಿ ಕೊಲೆಸ್ಟರಾಲ್‌ಗೆ ಸಂಬಂಧಿಸಿದ ವಸ್ತುವೊಂದಿದೆ. 280ರಿಂದ 315 ನ್ಯಾನೋಮೀಟರ್ ತರಂಗದೂರದ 'ಯುವಿ-ಬಿ' ಕಿರಣಗಳು ಬಿದ್ದಾಗ ಅದು ಮಾರ್ಪಟ್ಟು, ಬಳಿಕ ಮೈಯ ಶಾಖದಿಂದ ಡಿ3 ಜೀವಸತ್ತ್ವವಾಗುತ್ತದೆ. ಆಹಾರದ ಕ್ಯಾಲ್ಸಿಯಂ ಮೈಗೂಡಲು ಈ ಜೀವಸತ್ತ್ವ ಬೇಕು. ಅದು ಸಾಲದಾದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ. ಸಾಮಾನ್ಯ ಎಲ್‌ಇಡಿ ದೀಪದಲ್ಲಿ ಯುವಿ-ಬಿ ಇಲ್ಲ; ಬಿಸಿಲಿನಲ್ಲಿರುವುದನ್ನು ಕಿಟಕಿಯ ಗಾಜು ಬಹುಮಟ್ಟಿಗೆ ಹೀರಿಬಿಡುತ್ತದೆ.

ಹಾಗಾದರೆ ಯಾವ ದೀಪವನ್ನು ಆರಿಸಬೇಕು? ಸರೀಸೃಪಗಳಿಗೆಂದೇ ತಯಾರಾದ ಯುವಿ-ಬಿ ಕೊಳವೆ ದೀಪವನ್ನು. ಅದರೊಳಗಿನ ಪಾದರಸದ ಆವಿಯು ವಿದ್ಯುತ್ತು ಹರಿದಾಗ ಮುಖ್ಯವಾಗಿ 254 ನ್ಯಾನೋಮೀಟರಿನ ಕಿರಣವನ್ನು ಸೂಸುತ್ತದೆ. ಕೊಳವೆಯ ಒಳಲೇಪವು ಅದನ್ನು ಹೀರಿ ಯುವಿ-ಬಿ ಕಿರಣವನ್ನೂ ಬೆಳಕನ್ನೂ ಕೊಡುತ್ತದೆ. ವಿಶೇಷ ಗಾಜು ಅವನ್ನು ಹೊರಬಿಡುತ್ತದೆ. ಆ ಲೇಪವಿಲ್ಲದ ಕ್ರಿಮಿನಾಶಕ ದೀಪವನ್ನು ಮಾತ್ರ ಎಂದಿಗೂ ಬಳಸಬಾರದು. 254 ನ್ಯಾನೋಮೀಟರಿನ ಕಿರಣವು ಆಮೆಯ ಕಣ್ಣನ್ನೂ ನಮ್ಮ ಕಣ್ಣನ್ನೂ ಸುಡುತ್ತದೆ.

ದೂರವೂ ಮುಖ್ಯ. ಚಿಕ್ಕ ದೀಪವೊಂದರಿಂದ 20 ಸೆಂಟಿಮೀಟರ್ ದೂರದಲ್ಲಿ ನೇರಳಾತೀತ ಸೂಚ್ಯಂಕ 8 ಇದೆಯೆನ್ನೋಣ. ವಿಲೋಮ ವರ್ಗ ನಿಯಮದಂತೆ 40 ಸೆಂಟಿಮೀಟರಿನಲ್ಲಿ ಅದು ಸುಮಾರು 2 ಆಗುತ್ತದೆ. ಉದ್ದನೆಯ ಕೊಳವೆಯ ಸಮೀಪದಲ್ಲಿ ಈ ಇಳಿತ ಇಷ್ಟು ತೀವ್ರವಲ್ಲ. ನಡುವೆ ತಂತಿಯ ಬಲೆಯಿದ್ದರೆ ಇನ್ನೊಂದು ಪಾಲು ನಷ್ಟ. ಇಂಥ ಆಮೆ ಬಿಸಿಲು ಕಾಯುವ ಕಲ್ಲಿನ ಮೇಲೆ ಸೂಚ್ಯಂಕ ಸುಮಾರು 3ರಿಂದ 4 ಇದ್ದರೆ ಒಳ್ಳೆಯದು. ಪಕ್ಕದಲ್ಲೇ ನೆರಳೂ ಇರಬೇಕು. ದೀಪ ಹಳೆಯದಾದಂತೆ ಅದರ ಯುವಿ-ಬಿ ಕುಗ್ಗುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಕಾಣುತ್ತದೆ. ಆದುದರಿಂದ ಕಣ್ಣನ್ನು ನಂಬದೆ, ಸೂಚ್ಯಂಕ ಮಾಪಕದಿಂದ ಅಳೆಯಬೇಕು. ಇಲ್ಲವೇ ತಯಾರಕರು ಹೇಳಿದ ಅವಧಿಗೆ ದೀಪವನ್ನು ಬದಲಿಸಬೇಕು.

ಮಳೆ ಬಿಟ್ಟ ಮೇಲೆ ಕೆರಾಡಿಯ ಅಂಗಳಕ್ಕೆ ಬೀಳುವ ಬಿಸಿಲಿಗೆ ಸಮನಾದ ದೀಪವಿಲ್ಲ. ಎಳೆ ಬಿಸಿಲಿನಲ್ಲಿ, ನೆರಳೂ ನೀರೂ ಇರುವ ತೆರೆದ ತೊಟ್ಟಿಯಲ್ಲಿ ಆಮೆಯನ್ನು ಬಿಡಬಹುದು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಒಳಗಿನ ಶಾಖ ಏರಿ ಅದು ಸತ್ತೀತು.

ಕೊನೆಯದಾಗಿ ಒಂದು ಮಾತು. ಸಾಕಲಾರೆವೆಂದು ಈ ಪರದೇಶದ ಆಮೆಯನ್ನು ಹೊಳೆಗೆ ಬಿಡಬಾರದು; ಅದು ನಮ್ಮ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಗುತ್ತದೆ. ನಮ್ಮ ನಾಡಿನ ನಕ್ಷತ್ರ ಆಮೆಯನ್ನಾಗಲಿ ಉಡವನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅವುಗಳಿಗೆ ನಾವು ದೀಪ ಹುಡುಕಬೇಕಾಗಿಲ್ಲ; ಅವುಗಳ ಬಿಸಿಲನ್ನು ಅವುಗಳಿಗೆ ಬಿಟ್ಟರೆ ಸಾಕು.